‘ಫೈಲು ಕೆಟ್ಟೈತ್ರಿ’ ಎನ್ನುವವರಿಗೆ

ನಮ್ಮ ಕಡೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ಮಾತು ಸದಾ ತಯಾರಾಗಿರುತ್ತದೆ: ‘ಫೈಲು ಕೆಟ್ಟೈತ್ರಿ ಅಕ್ಕಾರ.’ ಗದಗಿನಲ್ಲಿ ಕೇಳಿ, ಬೆಟಗೇರಿಯಲ್ಲಿ ಕೇಳಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಕೇಳಿ, ಮಾತು ಅದೇ. ಪೆನ್‌ಡ್ರೈವ್ ಹಚ್ಚುತ್ತಾರೆ, ಎರಡು ಸಲ ಒತ್ತುತ್ತಾರೆ, ಪರದೆಯ ಮೇಲೆ ಒಂದು ಕಪ್ಪು ಚೌಕ ಮೂಡುತ್ತದೆ, ತೀರ್ಪು ಬಂದೇ ಬಿಡುತ್ತದೆ. ವೈದ್ಯರು ನಾಡಿ ಹಿಡಿಯುವ ಮೊದಲೇ ‘ಹೋದರು’ ಎಂದರೆ ನಾವು ಸುಮ್ಮನಿರುತ್ತೇವೆಯೇ? ಮಗಳ ಮದುವೆಯ ವಿಡಿಯೋ ವಿಷಯದಲ್ಲಿ ಮಾತ್ರ ತಲೆಯಾಡಿಸಿ, ಪೆನ್‌ಡ್ರೈವನ್ನು ಪರ್ಸಿನೊಳಗೆ ಹಾಕಿಕೊಂಡು ಮನೆಗೆ ಬರುತ್ತೇವೆ. ನನ್ನ ತಕರಾರು ಇರುವುದು ಈ ತಲೆಯಾಡಿಸುವಿಕೆಯ ಮೇಲೆ.

ನನ್ನ ವಾದ ಸರಳ. ಮನೆಯ ಕಂಪ್ಯೂಟರಿನಲ್ಲಿ ಓಡದ ವಿಡಿಯೋಗಳಲ್ಲಿ ಬಹಳಷ್ಟು ಕೆಟ್ಟಿರುವುದೇ ಇಲ್ಲ. ಅವನ್ನು ಬಿಚ್ಚುವ ಸಾಧನ ಆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅಷ್ಟೇ. ಬೀಗದ ಕೈ ಇಲ್ಲ ಎನ್ನುವುದಕ್ಕೂ ಮನೆ ಬಿದ್ದುಹೋಗಿದೆ ಎನ್ನುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಆ ವ್ಯತ್ಯಾಸವನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡದೆ ಇದ್ದರೆ ಕೆಲವರಿಗೆ ಎರಡನೆಯ ಸಲ ದುಡ್ಡು ಸಿಗುತ್ತದೆ. ನಮಗೆ ಸಿಗುವುದು ‘ಹೆಂಗಸರಿಗೆ ಇದೆಲ್ಲ ತಿಳಿಯಂಗಿಲ್ಲ’ ಎಂಬ ಬಿರುದು.

ತಿಳಿಯದಂಥದ್ದು ಏನಿದೆ ಇದರಲ್ಲಿ? ಬೆಟಗೇರಿಯ ನೇಕಾರರ ಓಣಿಯಲ್ಲಿ ಸೀರೆ ಕೊಂಡವರು ಯಾರೂ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ದುಡ್ಡು ಕೊಡುವುದಿಲ್ಲ. ಸೆರಗು ಬಿಚ್ಚಿ, ನೂಲನ್ನು ಬೆರಳಿನಲ್ಲಿ ತಿಕ್ಕಿ ನೋಡುತ್ತೇವೆ. ವಿಡಿಯೋ ಫೈಲೂ ಹಾಗೆಯೇ. ಹೆಸರಿನ ಕೊನೆಗೆ ಇರುವ ಎಂಪಿ4, ಎಂಕೆವಿ, ಎವಿಐ ಎನ್ನುವವು ಬರೀ ಪೆಟ್ಟಿಗೆಯ ಹೆಸರುಗಳು. ಒಳಗೆ ಎರಡು ಗಂಟುಗಳಿರುತ್ತವೆ: ಒಂದು ಚಿತ್ರದ್ದು, ಇನ್ನೊಂದು ದನಿಯದ್ದು. ಕಡಿಮೆ ಜಾಗ ಹಿಡಿಯಲೆಂದು ಎರಡನ್ನೂ ಒತ್ತಿ ಒತ್ತಿ ಕಟ್ಟಿರುತ್ತಾರೆ. ಈ ಕಟ್ಟುವ ಮತ್ತು ಬಿಚ್ಚುವ ವಿದ್ಯೆಯ ಹೆಸರೇ ಕೋಡೆಕ್. ಕಟ್ಟಿದ ರೀತಿಯಲ್ಲೇ ಬಿಚ್ಚಬೇಕು. ಆ ರೀತಿ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಅದು ಕೈ ಚೆಲ್ಲುತ್ತದೆ. ಫೈಲಿನ ಹೆಸರಿನಲ್ಲಿ ಎಂಕೆವಿ ಅಳಿಸಿ ಎಂಪಿ4 ಎಂದು ಬರೆಯುವ ಚಾಣಾಕ್ಷರೂ ಇದ್ದಾರೆ. ಪೆಟ್ಟಿಗೆಯ ಚೀಟಿ ಬದಲಿಸಿದರೆ ಒಳಗಿನ ಸೀರೆ ಬದಲಾದೀತೆ?

ರೋಗದ ಲಕ್ಷಣದಿಂದಲೇ ಅರ್ಧ ವಿಷಯ ತಿಳಿಯುತ್ತದೆ. ದನಿ ಬರುತ್ತದೆ, ಚಿತ್ರವಿಲ್ಲ ಎಂದರೆ ಬಿಚ್ಚಲಾಗದ್ದು ಚಿತ್ರದ ಗಂಟು. ಚಿತ್ರವಿದೆ, ದನಿಯಿಲ್ಲ ಎಂದರೆ ದನಿಯ ಗಂಟು. ಎರಡೂ ಬರುತ್ತವೆ, ಆದರೆ ಸಂತೆಗೆ ಹೊರಟ ಮುದಿ ಎತ್ತಿನ ಹಾಗೆ ನಿಂತು ನಿಂತು ಹೋಗುತ್ತದೆ ಎಂದರೆ ಫೈಲು ಚೆನ್ನಾಗಿದೆ, ಹಳೆಯ ಕಂಪ್ಯೂಟರಿಗೆ ಆ ಭಾರ ಎಳೆಯಲಾಗುತ್ತಿಲ್ಲ. ಈ ಮೂರರಲ್ಲಿ ಒಂದರಲ್ಲಿಯೂ ಫೈಲು ಕೆಟ್ಟಿದೆ ಎಂದು ಹೇಳಲು ಆಧಾರವಿಲ್ಲ.

ಹಾಗಾದರೆ ಈ ಗೊಂದಲ ಎಲ್ಲಿಂದ ಬಂತು? 2003ರಲ್ಲಿ ಎಚ್.264 ಎಂಬ ಕಟ್ಟುವ ರೀತಿ ಬಂತು. ಇವತ್ತು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಫೋನು, ಟೀವಿ, ಕಂಪ್ಯೂಟರುಗಳಿಗೂ ಅದು ಗೊತ್ತು. 2013ರಲ್ಲಿ ಎಚ್.265 ಬಂತು, ಇದಕ್ಕೆ ಎಚ್‌ಇವಿಸಿ ಎಂದೂ ಹೆಸರು. ಅದೇ ಅಂದದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ, ವಿದ್ಯೆ ದೊಡ್ಡದೇ. ಆದರೆ ಅದರ ಪೇಟೆಂಟುಗಳು ಹಲವು ಕಂಪನಿಗಳ ಕೈಯಲ್ಲಿ ಹಂಚಿಹೋಗಿವೆ. ಬಳಸುವ ಕಂಪನಿಗಳು ಅವಕ್ಕೆ ಕಪ್ಪ ಕೊಡಬೇಕು. ಆಪಲ್ ಕಂಪನಿ 2017ರಿಂದ ತನ್ನ ಐಫೋನುಗಳಲ್ಲಿ ಇದೇ ರೀತಿಯನ್ನು ತಂದಿತು. ಇತ್ತ ವಿಂಡೋಸ್ 10 ಮತ್ತು 11ಕ್ಕೆ ಈ ಗಂಟು ಬಿಚ್ಚುವ ತುಣುಕನ್ನು ಮೈಕ್ರೋಸಾಫ್ಟ್ ತನ್ನ ಸ್ಟೋರಿನಲ್ಲಿ ಬೇರೆಯಾಗಿ, ಸಣ್ಣದೊಂದು ಬೆಲೆಗೆ ಇಟ್ಟಿತು. ಹೀಗಾಗಿ ಬೆಂಗಳೂರಿನ ಮಗ ಹೊಸ ಫೋನಿನಲ್ಲಿ ಹಿಡಿದ ಮೊಮ್ಮಗುವಿನ ಮೊದಲ ಹೆಜ್ಜೆ ಮುಂಡರಗಿಯ ಅಜ್ಜಿಯ ಕಂಪ್ಯೂಟರಿನಲ್ಲಿ ಕಪ್ಪು ಚೌಕವಾಗುತ್ತದೆ. ದೊಡ್ಡವರ ವ್ಯಾಪಾರದ ಜಗಳ, ನಡುವೆ ನಮ್ಮ ಮಗುವಿನ ಹೆಜ್ಜೆ.

ಕಂಪ್ಯೂಟರಾದರೂ ಬಾಯಿಬಿಟ್ಟು ಹೇಳುತ್ತದೆಯೇ? ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಆ ತಿರುಳ್ಗನ್ನಡದ ನೆಲದಲ್ಲಿ ಕೂತ ಹೆಣ್ಣುಮಗಳಿಗೆ ಪರದೆಯ ಮೇಲೆ ಬರುವ ಉತ್ತರ ‘0ಎಕ್ಸ್‌ಸಿ00ಡಿ36ಸಿ4’. ಇದು ಮಂತ್ರವೋ ಶಾಪವೋ? ಇದರ ಅರ್ಥ ಇಷ್ಟೇ: ‘ಈ ಬಗೆಯ ಫೈಲು ನನಗೆ ಬರುವುದಿಲ್ಲ, ಅಥವಾ ಹೆಸರು ತಪ್ಪಿದೆ, ಅಥವಾ ಫೈಲು ಕೆಟ್ಟಿದೆ.’ ಮೂರು ಸಾಧ್ಯತೆಗಳಲ್ಲಿ ಕೆಟ್ಟಿರುವುದು ಕೊನೆಯದು. ನಮ್ಮ ಅಂಗಡಿಗಳಲ್ಲಿ ಮೊದಲೆರಡನ್ನು ನುಂಗಿ ಕೊನೆಯದೊಂದನ್ನೇ ಅನುವಾದಿಸಿ ಹೇಳುತ್ತಾರೆ.

ಮದ್ದು ಇಲ್ಲವೆಂದಲ್ಲ, ಇದೆ; ಅದಕ್ಕೆ ಕಾಸೂ ಬೇಡ. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸ ಬೆಳೆದು ವಿಎಲ್‌ಸಿ ಎಂಬ ಪ್ಲೇಯರ್ ಆಯಿತು. 2001ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಬಿಚ್ಚುವ ಸಾಧನಗಳನ್ನೆಲ್ಲ ಅದು ತನ್ನ ಚೀಲದಲ್ಲೇ ಹೊತ್ತು ತರುತ್ತದೆ, ವಿಂಡೋಸಿನ ಬಾಗಿಲಿಗೆ ಹೋಗಿ ಬೇಡುವುದಿಲ್ಲ. ರಸ್ತೆ ರಿಪೇರಿಯ ಜಾಗದಲ್ಲಿ ಕಿತ್ತಳೆ ಬಿಳಿ ಪಟ್ಟೆಯ ಶಂಕು ಇಡುತ್ತಾರಲ್ಲ, ಅದೇ ಇದರ ಗುರುತು. ಉಚಿತ ಎಂದರೆ ಕಳ್ಳ ಮಾಲಲ್ಲ, ಇದು ಪೂರಾ ಕಾಯ್ದೆಬದ್ಧ. ಇಂಥದ್ದರ ಅಧಿಕೃತ ತಾಣವನ್ನೂ ನಮ್ಮ ದೇಶದಲ್ಲಿ 2022ರ ಫೆಬ್ರುವರಿಯಿಂದ ತಿಂಗಳುಗಟ್ಟಲೆ ಮುಚ್ಚಿದ್ದರು. ಏಕೆ ಎಂದು ಜನರಿಗೆ ಕಾರಣ ಹೇಳಲಿಲ್ಲ. ತಯಾರಿಸಿದವರು ವಕೀಲರ ನೋಟಿಸು ಕಳಿಸಿದ ಮೇಲೆ, ಅದೇ ವರ್ಷದ ನವೆಂಬರಿನಲ್ಲಿ ತೆರೆಯಿತು. ಇಂಥ ಹೊತ್ತಿನಲ್ಲಿ ಜನ ಏನು ಮಾಡಬೇಕು? ಅಧಿಕೃತ ಬಾಗಿಲು ಮುಚ್ಚಿದರೆ ‘ಕೋಡೆಕ್ ಪ್ಯಾಕ್’ ಎಂಬ ಹೆಸರಿನಲ್ಲಿ ವೈರಸ್ಸು ಮಾರುವ ಹಿತ್ತಿಲ ಬಾಗಿಲುಗಳು ತೆರೆದೇ ಇರುತ್ತವೆ.

ಇದೆಲ್ಲ ನನಗೆ ಬರೀ ಯಂತ್ರದ ವಿಷಯವಾಗಿದ್ದರೆ ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಅತ್ತೆಯವರು ಸೋಬಾನೆ ಹಾಡುವುದರಲ್ಲಿ ಓಣಿಗೇ ಹೆಸರಾದವರು. ಅಕ್ಷರ ಬರುತ್ತಿರಲಿಲ್ಲ, ಹಾಡುಗಳೆಲ್ಲ ಗಂಟಲಲ್ಲೇ ಇದ್ದವು. ಅವರು ಹಾಡಿದ್ದು ಉಳಿದಿರುವುದು 2011ರಲ್ಲಿ ನಮ್ಮ ಮನೆಯ ಮದುವೆಯೊಂದರ ವಿಡಿಯೋದಲ್ಲಿ ಮಾತ್ರ. ಅವರು ತೀರಿಕೊಂಡ ಮೇಲೆ ಹೊಸ ಕಂಪ್ಯೂಟರಿನಲ್ಲಿ ಅದನ್ನು ಹಚ್ಚಿದರೆ ಅತ್ತೆಯ ತುಟಿ ಆಡುತ್ತಿವೆ, ಕೈ ತಾಳ ಹಾಕುತ್ತಿದೆ, ದನಿ ಮಾತ್ರ ಇಲ್ಲ. ಅಂಗಡಿಯ ಹುಡುಗ ನೋಡಿ, ‘ಮೈಕ್ ಕೆಟ್ಟಿತ್ತು ಕಾಣಸ್ತೈತ್ರಿ, ಇದರಾಗ ಏನೂ ಇಲ್ಲ, ಅಳಿಸಿಬಿಡ್ರಿ, ಜಾಗ ಆಗತೈತಿ’ ಎಂದ. ನಾನು ಅಳಿಸಲಿಲ್ಲ. ಮನೆಗೆ ತಂದು ವಿಎಲ್‌ಸಿಯಲ್ಲಿ ಹಚ್ಚಿದೆ. ಅತ್ತೆ ಹಾಡಿದರು. ಹಳೆಯ ಕ್ಯಾಮೆರಾದ ಆ ಫೈಲಿನಲ್ಲಿ ದನಿಯನ್ನು ಎಸಿ-3 ಎಂಬ ಡಾಲ್ಬಿ ರೀತಿಯಲ್ಲಿ ಕಟ್ಟಿದ್ದರು, ಅಷ್ಟೇ. ಪರದೆಯ ಮೇಲಿನ ಟೂಲ್ಸ್ ಪಟ್ಟಿಯಲ್ಲಿ ‘ಕೋಡೆಕ್ ಇನ್ಫರ್ಮೇಶನ್’ ಎಂದು ಒತ್ತಿದರೆ ಯಾವ ಗಂಟು ಯಾವ ರೀತಿಯದೆಂದು ಯಾರಿಗಾದರೂ ಕಾಣುತ್ತದೆ. ಆ ಹುಡುಗ ಒಂದು ನಿಮಿಷ ತಡೆದು ಅದನ್ನು ನೋಡಿದ್ದರೆ ಸಾಕಿತ್ತು. ಅವನ ಮಾತು ಕೇಳಿದ್ದರೆ ಅತ್ತೆ ಎರಡನೆಯ ಸಲ ಸಾಯುತ್ತಿದ್ದರು.

ನಿಜವಾಗಿಯೂ ಊನವಾದ ಫೈಲುಗಳು ಇಲ್ಲವೆಂದು ನಾನು ಹೇಳುತ್ತಿಲ್ಲ, ಇವೆ. ಅವಕ್ಕೂ ಕಾರಣಗಳಿವೆ, ಹಲವಕ್ಕೆ ಉಪಾಯವೂ ಇದೆ. ಪೆನ್‌ಡ್ರೈವಿಗೆ ನಕಲಾಗುತ್ತಿರುವಾಗಲೇ ಕಿತ್ತುಕೊಂಡರೆ ಫೈಲು ಅರ್ಧವೇ ಬಂದಿರುತ್ತದೆ. ಮೂಲದ ಅಳತೆಗೂ ನಕಲಿನ ಅಳತೆಗೂ ಹೋಲಿಸಿದರೆ ಕಳ್ಳ ಸಿಕ್ಕುತ್ತಾನೆ. ಫ್ಯಾಟ್32 ಎಂಬ ಹಳೆಯ ವಿನ್ಯಾಸದ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಹಿಡಿಯುವುದಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಇನ್ನೊಂದು ಕಾರಣ, ರೆಕಾರ್ಡಿಂಗ್ ನಡುವೆ ಬ್ಯಾಟರಿ ಮುಗಿಯುವುದು. ಅನೇಕ ಕ್ಯಾಮೆರಾಗಳು ಎಂಪಿ4 ಫೈಲಿನ ಪರಿವಿಡಿಯನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಕೊನೆಗೆ ಬರೆಯುತ್ತವೆ. ನಡುವೆಯೇ ಕಣ್ಣು ಮುಚ್ಚಿದರೆ ಚಿತ್ರಗಳೆಲ್ಲ ಇರುತ್ತವೆ, ಪರಿವಿಡಿ ಇರುವುದಿಲ್ಲ. ಛಾಪಖಾನೆಗಳಿಗೆ ಹೆಸರಾದ ಗದಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕೇ? ಪರಿವಿಡಿಯ ಹಾಳೆ ಹರಿದ ಪುಸ್ತಕವನ್ನು ರದ್ದಿಗೆ ಹಾಕುವವರುಂಟೇ? ಅದೇ ಕ್ಯಾಮೆರಾದಿಂದ, ಅದೇ ರೀತಿಯಲ್ಲಿ ತೆಗೆದ ಇನ್ನೊಂದು ಒಳ್ಳೆಯ ಫೈಲನ್ನು ಮಾದರಿಯಾಗಿಟ್ಟುಕೊಂಡು ಪರಿವಿಡಿಯನ್ನು ಮತ್ತೆ ಕಟ್ಟುವ ತಂತ್ರಾಂಶಗಳಿವೆ, ಎಷ್ಟೋ ಸಲ ಫಲಿಸುತ್ತವೆ. ಇನ್ನು ಹಳೆಯ ಕಂಪ್ಯೂಟರಿಗೆ ಭಾರವಾದ ಫೈಲನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಚ್.264ಕ್ಕೆ ಇಳಿಸಿಕೊಳ್ಳಬಹುದು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಸಿದ್ಧ, ನೆನೆಹಾಕಿದ ಉದ್ದಿನಬೇಳೆಯ ಹಾಗೆ.

ಎಲ್ಲಕ್ಕಿಂತ ಅಪಾಯದ ಮಾತು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವುದು. ಮನೆಯಲ್ಲಿ ಗಂಡಸರು, ಅಂಗಡಿಯಲ್ಲಿ ಹುಡುಗರು ಇದನ್ನು ತಲೆನೋವಿನ ಗುಳಿಗೆಯಂತೆ ಬರೆದುಕೊಡುತ್ತಾರೆ. ಫಾರ್ಮ್ಯಾಟ್ ಎಂದರೆ ಹೊಲ ಹರಗಿದ ಹಾಗೆ, ಬೆಳೆ ಯಾವುದು ಕಸ ಯಾವುದು ಎಂದು ಕುಂಟೆ ಕೇಳುವುದಿಲ್ಲ. ಅಪ್ಪಿತಪ್ಪಿ ಆಗಿಹೋಗಿದ್ದರೂ ಆ ಕಾರ್ಡಿನ ಮೇಲೆ ಹೊಸದೇನನ್ನೂ ಬರೆಯದೆ ಎತ್ತಿಟ್ಟರೆ ಮರಳಿ ಪಡೆಯುವ ಆಸೆ ಉಳಿದಿರುತ್ತದೆ. ಆದರೆ ಮೊದಲ ನಿಯಮ ಒಂದೇ: ಯಾವ ಚಿಕಿತ್ಸೆಗೂ ಮುಂಚೆ ಫೈಲಿನ ಒಂದು ನಕಲು ಮಾಡಿಡಿ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕಟ್ಟಿದನೆನ್ನುವ ಭಾರತ ಇಂದಿಗೂ ನಮ್ಮ ಕಿವಿಗೆ ಬೀಳುತ್ತಿರುವುದು ತಾಳೆಗರಿ ಗಟ್ಟಿಯಾಗಿತ್ತೆಂದಲ್ಲ. ಗರಿ ಹುಳ ಹಿಡಿಯುವ ಮೊದಲು ಯಾರೋ ಕೂತು ಪ್ರತಿ ಮಾಡಿದರು, ಅದಕ್ಕೆ.

ಈಗ ಮದುವೆ ವಿಡಿಯೋ ತೆಗೆಯುವವರ ಮಾತಿಗೆ ಬರುತ್ತೇನೆ. ಸಾವಿರಾರು ರೂಪಾಯಿ ಎಣಿಸಿಕೊಂಡು, ಕೆಂಪು ಮಖಮಲ್ಲಿನ ಡಬ್ಬಿಯಲ್ಲಿ ಪೆನ್‌ಡ್ರೈವ್ ಇಟ್ಟು ಕೊಡುತ್ತಾರೆ. ಒಳಗೆ ಅವರ ಸ್ಟುಡಿಯೋದ ಕಂಪ್ಯೂಟರಿಗಷ್ಟೇ ಓಡುವ ಗಾತ್ರದ ಫೈಲು. ‘ನಮ್ಮಲ್ಲೇ ಓಡತೈತ್ರೀ’ ಎನ್ನುತ್ತಾರೆ. ಬದಲಿಸಿ ಕೊಡಿ ಎಂದರೆ ಬೇರೆ ರೇಟು. ಅಡುಗೆಯವರು ಊಟವನ್ನು ಬೀಗ ಹಾಕಿದ ಡಬ್ಬಿಯಲ್ಲಿ ಕಳಿಸಿ, ಬೀಗ ತೆಗೆಯಲು ಮತ್ತೆ ಕೂಲಿ ಕೇಳಿದರೆ ಕೊಡುತ್ತೇವೆಯೇ? ಅವರದ್ದೂ ಹೊಟ್ಟೆಪಾಡು ನಿಜ. ಸೀಸನ್ನಿನಲ್ಲಿ ರಾತ್ರಿ ಹಗಲು ದುಡಿಯುತ್ತಾರೆ, ಹೊಸ ಕ್ಯಾಮೆರಾದ ಸಾಲ ತಲೆಯ ಮೇಲಿರುತ್ತದೆ. ದುಡಿಮೆಯ ಬೆಲೆ ಕೇಳಲಿ, ಸಂತೋಷದಿಂದ ಕೊಡೋಣ. ಆದರೆ ನಮ್ಮದೇ ಮದುವೆಯನ್ನು ನಮಗೆ ಎರಡು ಸಲ ಮಾರುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ಗೆಳತಿಯರೇ, ಅಡ್ವಾನ್ಸು ಕೊಡುವ ದಿನವೇ ಚೀಟಿಯ ಮೇಲೆ ಬರೆಸಿಕೊಳ್ಳಿ: ವಿಡಿಯೋ ಎಂಪಿ4ರಲ್ಲಿ ಬೇಕು, ಚಿತ್ರ ಎಚ್.264ರಲ್ಲಿ, ದನಿ ಎಎಸಿಯಲ್ಲಿ ಇರಬೇಕು; ಮೂಲದ ದೊಡ್ಡ ಫೈಲುಗಳನ್ನೂ ಕೊಡಬೇಕು; ಬಾಕಿ ಹಣ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ ಮೇಲೆ. ಬ್ಲೌಸಿನ ಅಳತೆ ಬರೆಸುವವರಿಗೆ ಇಷ್ಟು ಬರೆಸುವುದು ಕಷ್ಟವೇ? ಒಪ್ಪಿದ್ದನ್ನು ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದು ಸೇವೆಯ ಕೊರತೆ ಎಂದು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೇಳಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಸಲಹೆಗೆ 1915 ಎಂಬ ಸಹಾಯವಾಣಿಯೂ ಇದೆ. ಅಲ್ಲಿಯವರೆಗೆ ಹೋಗಬೇಕಾಗುವುದು ಅಪರೂಪ. ಚೀಟಿಯ ಮೇಲೆ ಅಕ್ಷರ ಬಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮನೆಯ ನೆನಪುಗಳನ್ನು ಕಾಪಾಡುವ ಕೆಲಸ ಯಾವಾಗಲೂ ನಮ್ಮದೇ ಆಗಿದೆ. ಟ್ರಂಕಿನ ತಳದಲ್ಲಿ ನುಸಿಗುಳಿಗೆ ಇಟ್ಟು ಅಜ್ಜಿಯ ಧಾರೆ ಸೀರೆ ಉಳಿಸಿದವರು ನಾವು. ಉಪ್ಪಿನಕಾಯಿಗೆ ಬೂಜು ಬಂದಿದೆಯೋ ಬರೀ ಎಣ್ಣೆ ಕಡಿಮೆಯಾಗಿದೆಯೋ ಎಂದು ನೋಡಿದೊಡನೆ ಹೇಳಬಲ್ಲವರು ಕೆಟ್ಟ ಫೈಲಿಗೂ ಬಿಚ್ಚಲಾಗದ ಫೈಲಿಗೂ ಇರುವ ಅಂತರ ಕಲಿಯಲಾರರೇ? ಇನ್ನು ಮುಂದೆ ಯಾರಾದರೂ ‘ಫೈಲು ಕೆಟ್ಟೈತ್ರಿ’ ಎಂದರೆ ತಲೆಯಾಡಿಸಬೇಡಿ. ‘ಯಾವುದು ಕೆಟ್ಟೈತಿ, ಚಿತ್ರವೋ, ದನಿಯೋ, ಪರಿವಿಡಿಯೋ? ತೋರಸ್ರಿ’ ಎಂದು ಕೇಳಿ. ತೋರಿಸಲು ಬರದವರ ಕೈಗೆ ಪೆನ್‌ಡ್ರೈವ್ ಕೊಡಬೇಡಿ.