ಮೇಜಿನ ನಾಲ್ಕನೆಯ ಕಾಲು

ಅಲುಗಾಡುವ ಮೇಜು ಇಲ್ಲದ ಮನೆ ವಿರಳ. ಊಟಕ್ಕೆ ಕುಳಿತರೆ ಸಾರಿನ ಬಟ್ಟಲು ತುಳುಕುತ್ತದೆ. ಹುಡುಗ ಬರೆಯಲು ಕುಳಿತರೆ ಅಕ್ಷರ ಸೊಟ್ಟಗಾಗುತ್ತದೆ. ಆಗ ಮನೆಯ ಯಜಮಾನರು ಹಳೆಯ ಪತ್ರಿಕೆಯ ಹಾಳೆಯೊಂದನ್ನು ನಾಲ್ಕಾಗಿ ಮಡಿಸಿ ಒಂದು ಕಾಲಿನ ಅಡಿಗೆ ತುರುಕುತ್ತಾರೆ. ಮೇಜು ಸುಮ್ಮನಾಗುತ್ತದೆ, ಸಂಸಾರ ಮುಂದೆ ಸಾಗುತ್ತದೆ. ಆದರೆ ಇದೇ ಉಪಾಯ ಬಡಗಿಯೊಬ್ಬನ ದುಡಿಮೆಯನ್ನು ಮಣ್ಣುಪಾಲು ಮಾಡಬಲ್ಲುದೆಂದರೆ ಯಾರು ತಾನೆ ನಂಬಿಯಾರು?

ಸಕಲೇಶಪುರದ ಬೆಟ್ಟಗಳ ನಡುವಿನ ಹೊಂಗಡಹಳ್ಳದಂತಹ ಊರಿನಲ್ಲಿ ಬಡಗಿಯೊಬ್ಬ ಸಾಲ ಮಾಡಿ ಸಿ.ಎನ್.ಸಿ. ರೌಟರ್ ಯಂತ್ರವನ್ನು ತಂದಿರಿಸಿದನೆಂದು ಇಟ್ಟುಕೊಳ್ಳಬಹುದು. ಗಣಕಯಂತ್ರ ಕೊಟ್ಟ ಅಂಕಿಗಳಂತೆ ಮರವನ್ನು ಕೊರೆಯುವ ಯಂತ್ರವದು. ಉದ್ದನೆಯ ಮೇಜು, ಅದರ ಎರಡು ಅಂಚುಗಳಲ್ಲಿ ಹಳಿ, ಹಳಿಯ ಮೇಲೆ ಹಿಂದೆ ಮುಂದೆ ಓಡುವ ಅಡ್ಡತೊಲೆ, ತೊಲೆಯಲ್ಲಿ ಗಿರ್ರನೆ ತಿರುಗುವ ಅಲಗು. ಯಂತ್ರ ಬಂದ ದಿನ ಒಂದು ಕಾಲು ನೆಲ ಮುಟ್ಟಲಿಲ್ಲ. ಬಡಗಿ ಪ್ಲೈವುಡ್ಡಿನ ಚೂರೊಂದನ್ನು ಅದರಡಿಗೆ ಬಡಿದು ಕೆಲಸಕ್ಕೆ ತೊಡಗಿದ.

ಮೊದಲು ಬಂದದ್ದು ಗೃಹಪ್ರವೇಶಕ್ಕೆ ಸಿದ್ಧವಾಗುತ್ತಿದ್ದ ಮನೆಯೊಂದರ ಬಾಗಿಲು. ಹಲಸಿನ ಹಲಗೆಯ ಮೇಲೆ ಬಳ್ಳಿಯ ಚಿತ್ತಾರ, ಆಳ 2 ಮಿಲಿಮೀಟರ್. ಒಂದು ಮೂಲೆಯಲ್ಲಿ ಬಳ್ಳಿ ಸೊಗಸಾಗಿ ಮೂಡಿತು. ಇನ್ನೊಂದು ಮೂಲೆಯಲ್ಲಿ ಗೀರು ಎಳೆದಂತೆ ತೇಲಿಹೋಯಿತು. ಮುಹೂರ್ತ ಸಮೀಪಿಸಿದೆ, ಹಲಗೆ ಕೆಟ್ಟಿದೆ. ತಪ್ಪು ಯಾರದು? ಯಂತ್ರ ಅಂಕಿಯನ್ನು ತಪ್ಪದೆ ಪಾಲಿಸಿತ್ತು. ಅಂಕಿ ಮೇಜನ್ನು ನಂಬಿತ್ತು. ಮೇಜು ಕಾಲನ್ನು, ಕಾಲು ಆ ಪ್ಲೈವುಡ್ಡಿನ ಚೂರನ್ನು ನಂಬಿತ್ತು.

ಮೇಜು ನೀರಿನಂತೆ ಸಮಮಟ್ಟವಾಗಿರಬೇಕೆಂಬುದು ಸಾಮಾನ್ಯರ ಭಾವನೆ. ನಿಜಕ್ಕೂ ಇಡೀ ಮೇಜು ಒಂದು ಕಡೆಗೆ ತುಸು ವಾಲಿದರೆ ಕೊರೆತ ಕೆಡುವುದಿಲ್ಲ. ಹಳಿಯೂ ಹಲಗೆಯೂ ಒಟ್ಟಿಗೆ ವಾಲುತ್ತವೆ. ಕೇಡಿರುವುದು ತಿರುಚಿನಲ್ಲಿ. ಒಂದು ಮೂಲೆ ಮಾತ್ರ ಎದ್ದರೆ ಹಳಿಗಳು ತಿರುಚಿಕೊಂಡು ಅಲಗೂ ಅದೇ ದಾರಿ ಹಿಡಿಯುತ್ತದೆ. ಮೇಲೆ ಮಲಗಿದ ಹಲಗೆಯಾದರೋ ನೇರವಾಗಿರುತ್ತದೆ. ಹಲಗೆಯನ್ನು ಬಿಗಿದು ಬಗ್ಗಿಸಿ ಕೊರೆದರೂ, ಬಿಗಿ ಬಿಚ್ಚಿದೊಡನೆ ಅದು ತನ್ನ ಆಕಾರಕ್ಕೆ ಮರಳಿ ಚಿತ್ತಾರವನ್ನು ಕೆಡಿಸುತ್ತದೆ. ರಸಮಟ್ಟ ಬೇಕಾಗಿರುವುದು ಈ ತಿರುಚನ್ನು ಕಂಡುಹಿಡಿಯುವುದಕ್ಕೆ.

ಮೂರು ಕಾಲಿನ ಮಣೆ ಎಂತಹ ನೆಲದ ಮೇಲೂ ಅಲುಗದು. ಅಲುಗುವುದು ನಾಲ್ಕನೆಯ ಕಾಲು ಸೇರಿದಾಗ. ಇದಕ್ಕೆ ನಿದರ್ಶನ ಹಾಸನ ಜಿಲ್ಲೆಯಲ್ಲಿಯೇ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸುಮಾರು 42 ಅಡಿ ಎತ್ತರದ ಕಲ್ಲಿನ ಕಂಬವೊಂದು ಪೀಠದ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಮೂರು ಕಡೆ ಅದು ಪೀಠಕ್ಕೆ ಊರಿದೆ, ಒಂದು ಮಗ್ಗುಲಲ್ಲಿ ಮಾತ್ರ ಕಾಗದ ತೂರುವಷ್ಟು ಸಂದಿಯಿದೆ ಎಂದು ಯಾತ್ರಿಕರಿಗೆ ತೋರಿಸುತ್ತಾರೆ.

ಬಡಗಿಯೂ ಮೂರರಿಂದಲೇ ಆರಂಭಿಸಬೇಕು. ಒಂದು ತುದಿಯ ಎರಡು ಕಾಲುಗಳನ್ನು ಊರಿಸಿ, ಇನ್ನೊಂದು ತುದಿಯ ನಟ್ಟನಡುವೆ ಗಟ್ಟಿ ದಿಮ್ಮಿಯೊಂದನ್ನು ಆನಿಸಬೇಕು. ರಸಮಟ್ಟವನ್ನು ಅಡ್ಡಲಾಗಿ ಒಂದು ತುದಿಯಲ್ಲಿಟ್ಟು ಗುಳ್ಳೆಯನ್ನು ನೋಡಿ, ಇನ್ನೊಂದು ತುದಿಯಲ್ಲಿಯೂ ಅದು ಅಲ್ಲಿಯೇ ನಿಲ್ಲುವಂತೆ ಸರಿಪಡಿಸಬೇಕು. ಆಮೇಲೆ ಉಳಿದ ಕಾಲುಗಳ ತಿರುಪನ್ನು ನೆಲ ಮುಟ್ಟುವವರೆಗೆ ಮೆಲ್ಲನೆ ಇಳಿಸಬೇಕು. ಗುಳ್ಳೆ ಕದಲಿದರೆ ತಿರುಪು ಅತಿಯಾಯಿತೆಂದೇ ಅರ್ಥ. ಯಂತ್ರಗಳಿಗೆಂದೇ ಮಾಡಿದ ನವುರಾದ ರಸಮಟ್ಟ ಒಂದು ಮೀಟರಿಗೆ 0.02 ಮಿಲಿಮೀಟರಿನಷ್ಟು ಏರಿಳಿತವನ್ನೂ ತೋರಿಸುತ್ತದೆ. ಅದು ಕೈಗೆಟುಕದಿದ್ದರೆ ದಾರವೇ ಸಾಕು. ನಾಲ್ಕು ಮೂಲೆಗಳಲ್ಲಿ ಸಮದಪ್ಪದ ಚೂರುಗಳನ್ನಿಟ್ಟು ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ ಎಳೆದರೆ, ತಿರುಚಿಲ್ಲದ ಮೇಜಿನಲ್ಲಿ ಅವು ನಡುವೆ ಒಂದನ್ನೊಂದು ಹಗುರವಾಗಿ ಸೋಕುತ್ತವೆ. ಮೇಲಿನ ದಾರವನ್ನು ಕೆಳಕ್ಕೆ ತಂದು ಮತ್ತೊಮ್ಮೆ ನೋಡಿದರೆ ಸಂದೇಹ ಉಳಿಯದು.

ಕಾಲು ಎಲ್ಲಿರಬೇಕೆಂಬುದೂ ಮುಖ್ಯವೇ. ಉದ್ದನೆಯ ತೊಲೆಗೆ ಎರಡೂ ಕೊನೆಗಳಲ್ಲಿ ಕಾಲು ಕೊಟ್ಟರೆ ನಡು ಜೋಲುತ್ತದೆ. ಅವೇ ಕಾಲುಗಳನ್ನು ಉದ್ದದ ಸುಮಾರು ಐದನೆಯ ಒಂದು ಪಾಲಿನಷ್ಟು ಒಳಕ್ಕೆ ತಂದರೆ, ಹೊರಚಾಚಿದ ಕೊನೆಗಳ ಭಾರವೇ ನಡುವನ್ನು ಎತ್ತಿ ಹಿಡಿದು, ಜೋಲು ಕೆಲವೇ ಪಾಲಿಗೆ ಇಳಿಯುತ್ತದೆ. ಉದ್ದ ಇಮ್ಮಡಿಯಾದರೆ ತನ್ನದೇ ಭಾರಕ್ಕೆ ತೊಲೆ ಜೋಲುವುದು ಹದಿನಾರು ಪಟ್ಟು. ದೊಡ್ಡ ಮೇಜಿಗೆ ನಡುವೆಯೂ ಕಾಲು ಬೇಕಾಗುವುದು ಇದರಿಂದಲೇ. ಆ ನಡುಗಾಲನ್ನು ಎಲ್ಲಕ್ಕಿಂತ ಕೊನೆಗೆ ಊರಿಸಬೇಕು.

ಇಷ್ಟಾದರೂ ನೆಲವೊಂದು ಉಳಿಯಿತು. 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುಸಂಚಾರವೇ ನಿಂತುಹೋಗಿತ್ತು. ಅಂತಹ ಸೀಮೆಯಲ್ಲಿ ಮಣ್ಣು ತುಂಬಿದ ನೆಲವನ್ನು ನೆಚ್ಚಿ ಯಂತ್ರವನ್ನು ನಿಲ್ಲಿಸಲಾಗದು. ಗಟ್ಟಿ ಮಣ್ಣಿನವರೆಗೆ ಅಗೆದು ಕಾಂಕ್ರೀಟು ಹಾಕಿ, ಅದು ಬಲಿಯಲು 28 ದಿನ ಬಿಟ್ಟು, ಪ್ರತಿ ಕಾಲಿನ ಕೆಳಗೆ ಅಗಲವಾದ ಉಕ್ಕಿನ ತಗಡನ್ನು ಇರಿಸುವುದು ಲೇಸು. ಮೇಜಿನ ಮೇಲೆ ಹಾಸುವ ಎಂ.ಡಿ.ಎಫ್. ಹಲಗೆ ಜಡಿಮಳೆಯ ತೇವಕ್ಕೆ ಉಬ್ಬುತ್ತದೆ. ಅದನ್ನು ಆ ಯಂತ್ರದಿಂದಲೇ ತೆಳುವಾಗಿ ಸವರಿ ಸಮಮಾಡುವುದುಂಟು. ಆದರೆ ಕಾಲು ಸರಿಯಾಗದೆ ಮೇಲ್ಮೈಯನ್ನು ಸವರುವುದು ಜ್ವರ ಇಳಿಯದೆ ಹಣೆಗೆ ಗಂಧ ಹಚ್ಚಿದಂತೆ. ಆದುದರಿಂದ ಮಳೆ ಹಿಡಿದಾಗ ಒಮ್ಮೆ, ಮಳೆ ಬಿಟ್ಟು ನೆಲ ಒಣಗಿದಾಗ ಇನ್ನೊಮ್ಮೆ ಮಟ್ಟ ನೋಡುವುದು ಮಲೆನಾಡಿನ ಬಡಗಿಗೆ ವರ್ಷದ ವ್ರತವಾಗಬೇಕು.

ಇನ್ನು ಆ ಬಾಗಿಲು. ಬಡಗಿ ಪ್ಲೈವುಡ್ಡಿನ ಚೂರನ್ನು ಕಿತ್ತೆಸೆದು, ಒಂದು ಹಗಲು ದಾರ ಹಿಡಿದು ಕುಳಿತರೆ, ಎರಡನೆಯ ಹಲಗೆಯಲ್ಲಿ ಬಳ್ಳಿ ಮೂಲೆಯಿಂದ ಮೂಲೆಗೆ ಒಂದೇ ಆಳದಲ್ಲಿ ಹಬ್ಬೀತು. ಮೊದಲ ಹಲಗೆಯ ಬೆಲೆ ಅವನ ಕೈಯಿಂದಲೇ ಹೋಗುತ್ತದೆ. ಕಲಿತ ಪಾಠ ಮಾತ್ರ ಅವನಲ್ಲಿ ಉಳಿಯುತ್ತದೆ. ಮನೆಯ ಮೇಜು ಅಲುಗಿದಾಗ ವಾಚಕರೂ ಕಾಗದ ಮಡಿಸುವ ಮುನ್ನ ಒಮ್ಮೆ ಬಗ್ಗಿ ನೋಡಬಹುದು: ಗಿಡ್ಡವಾಗಿರುವುದು ಕಾಲೋ, ಕುಸಿದಿರುವುದು ನೆಲವೋ?