ಹಲಗಿ ಬಡಿದವನ ಹೆಸರೇನು?

ಹತ್ತಿಹೊಲದ ಗುಲಾಮರ ಮಕ್ಕಳು ಕಟ್ಟಿದ ಬ್ಲೂಸ್ ಹಾಡಿಗೆ ಬೆಂಗಳೂರಿನಲ್ಲಿ ಕೂತು ಕಣ್ಣೀರು ಹಾಕುವ ಸ್ವಾಮಿಗಳೇ, ಹಾಕಿ. ಬೆಸ್ಸಿ ಸ್ಮಿತ್ ನಮಗೂ ಅಕ್ಕನೇ. 1923ರಲ್ಲಿ ಕೊಲಂಬಿಯಾ ಕಂಪನಿ ಆಕೆಯ ಮೊದಲ ತಟ್ಟೆ ತಂದಿತು. ಹಾಡಿಗಿಷ್ಟು ಎಂದು ಕೂಲಿ ಎಸೆದು ಮಾರಾಟದ ಪಾಲನ್ನು ತಾನೇ ನುಂಗಿತು. 1937ರಲ್ಲಿ ಸತ್ತವಳ ಗೋರಿಗೆ ಹೆಸರಿನ ಕಲ್ಲು ಬಂದದ್ದು 1970ರಲ್ಲಿ! ಆದರೂ ತಟ್ಟೆಯ ಮೇಲೆ ಅವಳ ಹೆಸರು ಅಚ್ಚಾಗಿತ್ತು. ಅಷ್ಟನ್ನು ಕಸಿಯುವ ಧೈರ್ಯ ಆ ಕಂಪನಿಗೂ ಬರಲಿಲ್ಲ.

ನಮ್ಮ ಕಡೆ ನೋಡ್ರಿ. ಸಿಂಧನೂರಿನ ಕಾಲುವೆ ಕೆಳಗೆ ಭತ್ತ ನಾಟಿ ಹಚ್ಚುತ್ತಾ ಹಾಡುವ ಅವ್ವಂದಿರು, ಲಿಂಗಸುಗೂರು ಸೀಮೆಯಲ್ಲಿ ಬೆಳತನಕ ತತ್ವಪದ ಹೇಳುವ ಅಜ್ಜಂದಿರು, ಹೆಣದ ಮುಂದ ಹಲಗಿ ಬಡಿಯುವ ಅಣ್ಣಂದಿರು. ಇವರ ದನಿ ಟೇಪಿಗೆ ಏರುತ್ತದೆ, ಹೆಸರು ಏರುವುದಿಲ್ಲ. ಪುಸ್ತಕದ ಮೇಲೆ ಸಂಗ್ರಹಿಸಿದವನ ಹೆಸರು, ಒಳಗೆ ಬರೀ 'ಜನಪದರು'. ಯಾರ್ರೀ ಈ ಜನಪದರು? ಹೆತ್ತವರು ಇವರಿಗೆ ಹೆಸರು ಇಟ್ಟಿರಲಿಲ್ಲೇನು?

ಮಸ್ಕಿಯ ಬಂಡೆ ಮೇಲಿನ ಅಶೋಕನೆಂಬ ಹೆಸರಿಗೆ 1915ರಿಂದ ಪಂಡಿತರು ಮುತ್ತಿಕೊಂಡಿದ್ದಾರೆ. ಬರಲಿ, ಬ್ಯಾಡ ಅನ್ನಂಗಿಲ್ಲ. ಅಶೋಕ ನಮ್ಮ ಬಾಬಾಸಾಹೇಬರಿಗೂ ಬೇಕಾದವನು. ಅದೇ ಊರಿನ ಕೇರಿಗಿಳಿದು ಹಲಗಿಯವನ ಹೆಸರು ಕೇಳಿದವರು ಎಷ್ಟು ಮಂದಿ?

ಆಗದ ಮಾತೇನಲ್ಲ. ಬುಡ್ಗ ಜಂಗಮರ ದರೋಜಿ ಈರಮ್ಮನ ಬುರ್ರಕಥೆಯನ್ನು ಈರಮ್ಮನ ಹೆಸರಲ್ಲೇ ನಾಡು ಕೇಳಿತು. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯನ್ನು ನಾಡೋಜ ಎಂದಿತು. ಒಬ್ಬಳಿಗೆ ಸಂದದ್ದು ಉಳಿದವರಿಗೆ ಯಾಕಿಲ್ಲ?

ಮೊಬೈಲು ಹಿಡಿದು ಬರುವ ಸಂಶೋಧಕರೇ, ಮೊದಲು ಹೆಸರು ಬರಕೊಳ್ರಿ. ಆಮೇಲೆ ಹಾಡಿನ ಕೂಲಿ ಎಣಿಸಿ ಕೊಡ್ರಿ. ಅಲ್ಲೀತನಕ ನಮ್ಮ ಹಲಗಿ ಕಾಸೋದಿಲ್ಲ.