ಶ್ಯಾವಿಗೆ ಒರಳಿನಲ್ಲಿ ಇನ್ಸುಲಿನ್ ಕೋಶಗಳು

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಂಥ ಊರಿನಲ್ಲಿ ಶಾಲೆಗೆ ಹೋಗುವ ಮಗುವಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಮನೆಯ ದಿನಚರಿಯೇ ಬದಲಾಗುತ್ತದೆ. ಬೆಳಿಗ್ಗೆ ಬೆರಳು ಚುಚ್ಚಿ ರಕ್ತ ಪರೀಕ್ಷೆ, ಊಟಕ್ಕೆ ಮುಂಚೆ ಇನ್ಸುಲಿನ್ ಇಂಜೆಕ್ಷನ್. ಫ್ರಿಜ್ ಇಲ್ಲದಿದ್ದರೆ ಸೀಸೆಯನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಮಣ್ಣಿನ ಮಡಕೆಯ ತಂಪಿನಲ್ಲಿ ಕಾಪಾಡಬೇಕು. 'ಸಿಹಿ ತಿನ್ನಿಸಿ ಕೆಡಿಸಿದಿರಿ' ಎಂಬ ನೆಂಟರ ಮಾತು ಬೇರೆ. ಅದು ಶುದ್ಧ ತಪ್ಪು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಒಂದನೇ ವಿಧದ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರುವೆಂದು ಬಗೆದು ಕೊಲ್ಲುತ್ತದೆ. ಯಾರದೋ ಬೇರು, ಕಷಾಯ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೇ ಅಪಾಯ.

ಬೀಟಾ ಕೋಶಗಳಿರುವುದು ಮೇದೋಜೀರಕ ಗ್ರಂಥಿಯಲ್ಲಿ ಚದುರಿರುವ ಪುಟ್ಟ 'ದ್ವೀಪ'ಗಳಲ್ಲಿ. 1869ರಲ್ಲಿ ಇವನ್ನು ಗುರುತಿಸಿದ ಪಾಲ್ ಲ್ಯಾಂಗರ್‌ಹಾನ್ಸ್ ಆಗಿನ್ನೂ ವೈದ್ಯ ವಿದ್ಯಾರ್ಥಿ; ಅವುಗಳ ಕೆಲಸವೇನೆಂದು ಅವನಿಗೂ ಗೊತ್ತಾಗಲಿಲ್ಲ.

ಸತ್ತ ದ್ವೀಪಗಳ ಬದಲು ಬೇರೆಯವನ್ನು ಹಾಕಬಹುದೇ? ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ಅವರ ತಂಡ, ಮೃತ ದಾನಿಗಳಿಂದ ಪಡೆದ ದ್ವೀಪಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಹರಿಸಿ ಏಳು ರೋಗಿಗಳನ್ನು ಇಂಜೆಕ್ಷನ್‌ನಿಂದ ಬಿಡಿಸಿದ್ದಾಗಿ 2000ದಲ್ಲಿ ಪ್ರಕಟಿಸಿತು. ಆದರೆ ಅಲ್ಲಿ ಕಸಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಐದು ವರ್ಷದೊಳಗೆ ಮತ್ತೆ ಇನ್ಸುಲಿನ್‌ಗೆ ಮರಳಿದರು. ಯಕೃತ್ತು ಸೇರಿದ ದ್ವೀಪಗಳಲ್ಲಿ ಬಹಳಷ್ಟು ಬೇಗನೆ ಸಾಯುತ್ತವೆ.

ಅವುಗಳಿಗೆ ಬೇರೆಡೆ ಮನೆ ಕಟ್ಟಿಕೊಡುವ ಯತ್ನವೇ ಅಂಗಾಂಶ ಮುದ್ರಣ. ಒತ್ತು ಶ್ಯಾವಿಗೆ ಮಾಡುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಹಿಟ್ಟಿನ ಮುದ್ದೆಯ ಬದಲು ಜೀವಂತ ಕೋಶಗಳನ್ನು ಬೆರೆಸಿದ ಲೋಳೆ. ಒತ್ತುವ ಕೈಯ ಬದಲು ಗಣಕ ಯಂತ್ರ. ಎಳೆಯ ಮೇಲೆ ಎಳೆ ಕೂತು ಜಾಲರಿಯಾಗುತ್ತದೆ. ಜೋರಾಗಿ ಒತ್ತಿದರೆ ಮಾತ್ರ ಕೋಶಗಳು ನಜ್ಜುಗುಜ್ಜು! ಬೆಂಗಳೂರಿನ ಪ್ಯಾಂಡೋರಮ್ ಸಂಸ್ಥೆ ಮಾನವ ಯಕೃತ್ತಿನ ಅಂಗಾಂಶವನ್ನು ಹೀಗೆ ಮುದ್ರಿಸಿದ ಸುದ್ದಿ ಬಂದದ್ದು 2015ರಲ್ಲಿ. 2025ರ ಜೂನ್‌ನಲ್ಲಿ ಲಂಡನ್ನಿನ ಅಂಗಾಂಗ ಕಸಿ ಸಮ್ಮೇಳನದಲ್ಲಿ ದ್ವೀಪಗಳ ಸರದಿ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್‌ಗೆ, ಕೋಶಗಳನ್ನು ತೊಳೆದು ತೆಗೆದ ಮೇದೋಜೀರಕದ ಹಂದರವನ್ನು ಬೆರೆಸಿ, ಮೆಲ್ಲಗೆ ಒತ್ತಿ ಮುದ್ರಿಸಿದ ಮಾನವ ದ್ವೀಪಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಕೋಶಗಳು ಜೀವಂತವಾಗಿದ್ದವು. ಮೂರು ವಾರಗಳವರೆಗೂ ಸಕ್ಕರೆಗೆ ತಕ್ಕಂತೆ ಇನ್ಸುಲಿನ್ ಸ್ರವಿಸಿದವು.

ಇದೆಲ್ಲ ನಡೆದದ್ದು ಪ್ರಯೋಗಾಲಯದಲ್ಲಿ. ಇವನ್ನು ಚರ್ಮದಡಿಯಲ್ಲಿ ಕೂರಿಸುವುದು ಸಂಶೋಧಕರ ಉದ್ದೇಶ. ಅಲ್ಲಿ ರಕ್ತನಾಳಗಳು ಬೆಳೆದು ಆಮ್ಲಜನಕ ತಲುಪಬೇಕು. ಅದಕ್ಕಿಂತ ದೊಡ್ಡ ತೊಡಕು, ಮೊದಲು ಬೀಟಾ ಕೋಶಗಳನ್ನು ಕೊಂದ ರಕ್ಷಣಾ ವ್ಯವಸ್ಥೆ ಇವನ್ನೂ ಬಿಡುವುದಿಲ್ಲ ಎನ್ನುವುದು. ಅದನ್ನು ಅದುಮಿಡುವ ಔಷಧಿಗಳುಂಟು. ಆದರೆ ಅವುಗಳಿಂದ ಸೋಂಕಿನ ಭಯ. ಬೆಳೆಯುವ ಮಗುವಿಗೆ ಅದಕ್ಕಿಂತ ಇಂಜೆಕ್ಷನ್ನೇ ಮೇಲು ಎನ್ನುವ ವೈದ್ಯರೇ ಹೆಚ್ಚು. ಹಾಗಾಗಿ ಆ ಔಷಧಿಗಳ ಹಂಗಿಲ್ಲದೆ ದ್ವೀಪಗಳನ್ನು ಮರೆಮಾಡುವ ಲೋಳೆಯ ಹುಡುಕಾಟವೂ ಜೊತೆಗೇ ನಡೆದಿದೆ.